‘ನೋಡೋಣ’ಕ್ಕೆ ರೇಡಿಯೊದಲ್ಲಿ ಜಾಗವಿಲ್ಲ

ಕನ್ನಡದಲ್ಲಿ ‘ಆಗುವುದಿಲ್ಲ’ ಎಂಬ ಅರ್ಥಕ್ಕೆ ಇರುವ ಅತ್ಯಂತ ಮರ್ಯಾದಸ್ಥ ಪದ ‘ನೋಡೋಣ’. ನಿಘಂಟಿನಲ್ಲಿ ಹುಡುಕಿದರೆ ಈ ಅರ್ಥ ಸಿಗಲಾರದು. ನಿಘಂಟು ಬರೆಯುವವರು ಯಾರ ಬಳಿಯೂ ಏನನ್ನೂ ಕೇಳಲು ಹೋದವರಲ್ಲವೆಂದು ಕಾಣುತ್ತದೆ. ನಾನು ಬಸವೇಶ್ವರನಗರದ ಒಂದು ಪಿಯು ಕಾಲೇಜಿನಲ್ಲಿ ಕಚೇರಿ ಸೂಪರಿಂಟೆಂಡೆಂಟ್. ಪ್ರವೇಶದ ಕಾಲ ಬಂತೆಂದರೆ ನನ್ನ ಮೇಜಿನ ಮುಂದೆ ಜನ ನಿಂತೇ ಇರುತ್ತಾರೆ. ‘ಸಾರ್, ಹೆಂಗಾದ್ರೂ ಮಾಡಿ ನಮ್ಮುಡುಗೀಗೆ ಒಂದು ಸೀಟು ಕೊಡ್ಸಿ’ ಎನ್ನುತ್ತಾರೆ. ಸೀಟೆಲ್ಲ ತುಂಬಿಹೋಗಿದೆ ಎಂಬುದು ನನಗೂ ಗೊತ್ತು, ನನ್ನ ಬೆನ್ನ ಹಿಂದಿನ ಗೋಡೆಗೆ ಅಂಟಿಸಿದ ನೋಟೀಸಿಗೂ ಗೊತ್ತು. ಆದರೂ ಎದುರಿಗಿರುವವರ ಮುಖ ನೋಡಿಕೊಂಡು ‘ಇಲ್ಲ’ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ‘ನೋಡೋಣ’ ಎಂದುಬಿಡುತ್ತೇನೆ. ತಿಳಿದವರು ಕೈಮುಗಿದು ಹೊರಟುಹೋಗುತ್ತಾರೆ. ತಿಳಿಯದವರು ನಾಳೆ ಬರುತ್ತಾರೆ, ನಾಡಿದ್ದೂ ಬರುತ್ತಾರೆ. ಒಂದೇ ಮಾತಿಗೆ ಮುಗಿಯಬಹುದಾಗಿದ್ದ ಕೆಲಸವನ್ನು ವಾರಗಟ್ಟಲೆ ಎಳೆದುಕೊಂಡು, ಸಂಜೆ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು ನನ್ನನ್ನು ನಾನೇ ಬೈದುಕೊಳ್ಳುತ್ತ ಮನೆಗೆ ಬರುತ್ತೇನೆ.

ಮನೆಯಲ್ಲಾದರೂ ಸುಖವಿದೆಯೇ ಎಂದರೆ ಅದೂ ಇಲ್ಲ. ನಾವಿರುವುದು ಆರ್‌ಪಿಸಿ ಲೇಔಟಿನಲ್ಲಿ, ಮೇಲಿನ ಮನೆ. ಕೆಳಗಿನ ಮನೆಯವರು ಒಮ್ಮೆ, ‘ಅಂಕಲ್, ನೆಂಟರ ಕಾರು ಎರಡು ದಿನ ನಿಮ್ಮ ಜಾಗದಲ್ಲಿ ನಿಲ್ಲಿಸ್ಕೊಳ್ಲಾ?’ ಎಂದು ಕೇಳಿದರು. ನೋಡೋಣ ಎಂದೆ. ನೆಂಟರು ಊರಿಗೆ ಹೋದರು, ಕಾರು ಹೋಗಲಿಲ್ಲ. ನನ್ನ ಸ್ಕೂಟರು ಅಂದಿನಿಂದ ರಸ್ತೆಯಂಚಿನ ಹೊಂಗೆ ಮರದ ಕೆಳಗೆ ಹಕ್ಕಿಗಳ ಆಶೀರ್ವಾದ ಪಡೆಯುತ್ತ ನಿಂತಿರುತ್ತದೆ. ‘ಆ ದರಿದ್ರ ನೋಡೋಣಾನ ಮೊದ್ಲು ಬಾಯಿಂದ ಕಿತ್ತಾಕಿ ನೀವು’ ಎಂದು ನನ್ನ ಹೆಂಡತಿ ವಿಮಲಾ ಗದರಿಸಿದಳು. ಅದಕ್ಕೂ ನಾನು ನೋಡೋಣ ಎಂದೆ.

ನಮ್ಮ ಒಬ್ಬಳೇ ಮಗಳು ಚೈತ್ರಾ ಪಿಯುಸಿ ಮುಗಿಸಿದಾಗ, ‘ಅಪ್ಪ, ನಾನು ಪೈಲಟ್ ಆಗ್ಲಾ?’ ಎಂದು ಕೇಳಿದಳು. ಆಗಲೂ ನನ್ನ ಬಾಯಿಂದ ಬಂದದ್ದು ಅದೇ ಪದ. ಅವಳು ಇನ್ನೂ ಚಿಕ್ಕವಳು, ಅದನ್ನು ಒಪ್ಪಿಗೆ ಎಂದುಕೊಂಡಳು. ಈಗ ಬೇರೆ ಊರಿನ ಹಾರಾಟದ ಶಾಲೆಯೊಂದರಲ್ಲಿ ಇಬ್ಬರೇ ಕೂರಬಹುದಾದ ಪುಟ್ಟ ವಿಮಾನ ಹಾರಿಸುತ್ತಾಳೆ. ವಿಮಾನ ಹಾರಿಸಲು ಬಂದರೆ ಸಾಲದಂತೆ, ಅದರೊಳಗೆ ಕೂತು ಮಾತಾಡಲೂ ಬರಬೇಕಂತೆ. ನೆಲದ ಮೇಲಿನ ಟವರಿನವರು ರೇಡಿಯೊದಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು, ಗೊತ್ತುಮಾಡಿದ ಪದಗಳಲ್ಲೇ ಚುಟುಕಾಗಿ ಉತ್ತರ ಕೊಡಬೇಕು. ಅದಕ್ಕೊಂದು ಪರೀಕ್ಷೆ. ಬರವಣಿಗೆಯದು ಬೇರೆ, ಬಾಯಿಮಾತಿನದು ಬೇರೆ. ಬರವಣಿಗೆಯಲ್ಲಿ ಪಾಸಾದಳು, ಬಾಯಿಮಾತಿನಲ್ಲಿ ಫೇಲಾದಳು. ವಿಮಲಾಳ ಹೊಟ್ಟೆಯಲ್ಲಿ ಹುಟ್ಟಿದವಳು ಬಾಯಿಮಾತಿನಲ್ಲಿ ಫೇಲಾಗುವುದೆಂದರೆ ಅದು ಅವಳ ತವರಿಗೇ ದೊಡ್ಡ ಅವಮಾನ. ಈ ಪರೀಕ್ಷೆ ಆಗದೆ ಲೈಸೆನ್ಸು ಇಲ್ಲ, ಲೈಸೆನ್ಸು ಇಲ್ಲದೆ ಅವಳು ಇಷ್ಟು ವರ್ಷ ಪಟ್ಟ ಪಾಡಿಗೆ ಅರ್ಥವಿಲ್ಲ. ಹಾಗಾಗಿ ಎರಡನೆಯ ಸಲ ಕಟ್ಟಿ, ತಯಾರಾಗಲು ಮನೆಗೆ ಬಂದು ಕೂತಳು. ಅಲ್ಲಿಂದ ನನ್ನ ಸಂಜೆಗಳು ನನ್ನವಾಗಿ ಉಳಿಯಲಿಲ್ಲ.

ತಯಾರಿಗೆಂದು ಅವಳ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಆ್ಯಪು ಟವರಿನವರ ಹಾಗೆ ಮಾತಾಡುತ್ತದೆ, ಇವಳು ಪೈಲಟ್ಟಿನ ಹಾಗೆ ಉತ್ತರಿಸಬೇಕು, ಸರಿಯಾದರೆ ಹಸಿರು ಗುರುತು, ತಪ್ಪಾದರೆ ಕೆಂಪು. ಆದರೆ ಫೋನು ಎಂದ ಮೇಲೆ ಅದಕ್ಕೆ ಕರೆಗಳು ಬರುತ್ತವೆ. ಇವಳು ಇನ್ನೇನು ರನ್‌ವೇ ಮುಟ್ಟಬೇಕು ಎನ್ನುವಾಗ ಯಾರೋ ಪಾರ್ಸೆಲ್ಲಿನವರು, ‘ಮೇಡಂ, ತರ್ಡ್ ಕ್ರಾಸು ಎಡಗಡೇನಾ ಬಲಗಡೇನಾ?’ ಎಂದು ಕೇಳುತ್ತಾರೆ. ವಿಮಾನವನ್ನು ಗಾಳಿಯಲ್ಲೇ ಬಿಟ್ಟು ಇವಳು ಪಾರ್ಸೆಲ್ಲಿನವರಿಗೆ ದಾರಿ ಹೇಳಬೇಕು. ಅದಕ್ಕೆ ಆ ಆ್ಯಪನ್ನು ಮನೆಯ ಹಳೆಯ ಕಂಪ್ಯೂಟರಿಗೆ ಹಾಕಿದಳು. ಮೊಬೈಲಿನ ಆ್ಯಪು ಕಂಪ್ಯೂಟರಿನಲ್ಲಿ ನಡೆಯುವುದಿಲ್ಲವಂತೆ. ಅದಕ್ಕೆ ಎಮ್ಯುಲೇಟರ್ ಎಂಬ ಇನ್ನೊಂದು ತಂತ್ರಾಂಶ ಬೇಕು. ಅದರ ಕೆಲಸ ಕಂಪ್ಯೂಟರಿಗೆ ‘ನೀನು ಕಂಪ್ಯೂಟರಲ್ಲ, ಮೊಬೈಲು’ ಎಂದು ನಂಬಿಸುವುದು. ನಮ್ಮ ಕಂಪ್ಯೂಟರು ಮನೆಯ ಯಜಮಾನನ ಸ್ವಭಾವದ್ದೇ. ಯಾರು ಏನು ಹೇಳಿದರೂ ನಂಬುತ್ತದೆ. ತಾನು ಮೊಬೈಲೆಂದು ನಂಬಿದ ಮೇಲೆ, ಇಲ್ಲದ ಬ್ಯಾಟರಿ ತುಂಬಿದೆ ಎಂದು ತೋರಿಸತೊಡಗಿತು. ಸಿಮ್ ಹಾಕಿಲ್ಲ ಎಂದು ದೂರಿತು. ಅಗಲವಾದ ಪರದೆಯ ನಟ್ಟನಡುವೆ ಫೋನಿನಷ್ಟೇ ಅಗಲದ ಪಟ್ಟಿಯೊಂದು ನಿಂತಿತು, ಎರಡೂ ಕಡೆ ಬರಿಯ ಕಪ್ಪು. ‘ಇಷ್ಟ್ ಚಿಕ್ಕದಾಗಿ ನೋಡೋಕೆ ಇಷ್ಟ್ ದೊಡ್ಡ ಪೆಟ್ಟಿಗೆ ಯಾಕೆ?’ ಎಂದಳು ವಿಮಲಾ.

ಇದರಲ್ಲಿ ನನಗೇನು ಕೆಲಸ ಎಂದು ನೀವು ಕೇಳಬಹುದು. ವಿಮಾನದ ರೇಡಿಯೊದಲ್ಲಿ ಮಾತಾಡುವಾಗ ಒಂದು ಗುಂಡಿ ಒತ್ತಿ ಹಿಡಿದಿರಬೇಕು, ಕೇಳುವಾಗ ಬಿಡಬೇಕು. ಫೋನಿನಲ್ಲಾದರೆ ಹೆಬ್ಬೆರಳು ಸಾಕು. ಕಂಪ್ಯೂಟರಿನಲ್ಲಿ ಮೌಸ್ ಒತ್ತಿ ಹಿಡಿಯಬೇಕು. ಚೈತ್ರಾಳ ಬಲಗೈಯಲ್ಲಿ ಪೆನ್ಸಿಲು, ಟವರು ಹೇಳಿದ್ದನ್ನು ತೊಡೆಯ ಮೇಲಿನ ಹಾಳೆಯಲ್ಲಿ ಗೀಚಿಕೊಳ್ಳಲು. ಎಡಗೈಯಲ್ಲಿ ವಿಮಾನದ ಹಿಡಿಯ ಬದಲಿಗೆ ಚಪಾತಿ ಲಟ್ಟಣಿಗೆ. ಎರಡೂ ಕೈ ಖಾಲಿಯಿಲ್ಲದ ಕಾರಣ ಮೌಸ್ ಒತ್ತುವ ಕೆಲಸ ನನ್ನ ಪಾಲಿಗೆ ಬಂತು. ‘ಅಪ್ಪ, ಸ್ವಲ್ಪ ಹೊತ್ತು ಒತ್ತುತೀರಾ?’ ಎಂದಳು. ನಾನು ಏನೆಂದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಿನವಿಡೀ ಕಾಲೇಜಿನಲ್ಲಿ ದುಡಿದು ಬಂದವನಿಗೆ ಈ ಕೆಲಸ ಹಗುರವೆಂದು ತಿಳಿಯಬೇಡಿ. ಬೇಗ ಬಿಟ್ಟರೆ ಅವಳ ಕೊನೆಯ ಮಾತು ಕತ್ತರಿಸಿ ಹೋಗುತ್ತದೆ. ತಡವಾಗಿ ಬಿಟ್ಟರೆ ನನ್ನ ನಿಟ್ಟುಸಿರು ಟವರಿಗೆ ಕೇಳಿಸಿ, ಅದು ‘ಸೇ ಅಗೇನ್’ ಎನ್ನುತ್ತದೆ, ಅಂದರೆ ಇನ್ನೊಮ್ಮೆ ಹೇಳು ಎಂದು. ನಿಟ್ಟುಸಿರನ್ನು ಇನ್ನೊಮ್ಮೆ ಬಿಡಲು ನನಗೇನೂ ಕಷ್ಟವಿರಲಿಲ್ಲ, ಚೈತ್ರಾ ಬಿಡಲಿಲ್ಲ. ಒಂದು ಸಂಜೆ ಬೀದಿಯಲ್ಲಿ ಹಳೆ ಸಾಮಾನಿನ ಆಟೋ ಬಂತು. ಅದರ ಧ್ವನಿವರ್ಧಕ ‘ಹಳೇ ಪೇಪರ್, ಹಳೇ ಕಬ್ಬಿಣ, ಹಳೇ ಕಂಪ್ಯೂಟರ್’ ಎಂದು ಒದರಿತು. ನಾನು ಮೌಸ್ ಒತ್ತಿಕೊಂಡೇ ಇದ್ದೆ. ಟವರು ಬಹಳ ಗಂಭೀರವಾಗಿ, ಕರೆಯುತ್ತಿರುವ ವಿಮಾನ ಯಾವುದು, ಹೆಸರು ಹೇಳು ಎಂದು ಇಂಗ್ಲಿಷಿನಲ್ಲಿ ಕೇಳಿತು. ಇನ್ನೊಂದು ದಿನ ಬೆರಳು ಗುಂಡಿಯ ಮೇಲಿರುವಾಗಲೇ ನನಗೆ ಜೋಂಪು ಹತ್ತಿತು. ‘ಅಪ್ಪ, ಒಬ್ರು ಬಟನ್ ಒತ್ಕೊಂಡೇ ಕೂತ್ರೆ ಆ ಚಾನೆಲ್‌ನಲ್ಲಿ ಬೇರೆ ಯಾರೂ ಮಾತಾಡಕ್ಕಾಗಲ್ಲ, ಎಲ್ಲಾ ವಿಮಾನಾನೂ ಮೇಲೇ ಸುತ್ತುತಿರ್ತವೆ’ ಎಂದು ಮಗಳು ಎಬ್ಬಿಸಿದಳು. ಹಾಗೆ ಬಟನ್ ಒತ್ತಿಕೊಂಡೇ ಮಾತಾಡುವವರು ನಮ್ಮ ನೆಂಟರಲ್ಲೂ ಇದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ರೇಡಿಯೊ ಭಾಷೆಯಲ್ಲಿ ನನಗೆ ಸಮಾಧಾನ ಕೊಟ್ಟ ಸಂಗತಿ ಒಂದೇ ಒಂದು. ಮೂರು ಎಂಬುದಕ್ಕೆ ಅದರಲ್ಲಿ ‘ಟ್ರೀ’ ಎನ್ನಬೇಕು, ಸಾವಿರಕ್ಕೆ ‘ಟೌಸಂಡ್’. ನಾನು ಹೈಸ್ಕೂಲಿನಲ್ಲಿ ಥ್ರೀ ಎನ್ನಲು ಬಾರದೆ ಟ್ರೀ ಎಂದದ್ದಕ್ಕೆ ಇಂಗ್ಲಿಷ್ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಇಡೀ ಪ್ರಪಂಚದ ಪೈಲಟ್ಟುಗಳೆಲ್ಲ ಕಷ್ಟಪಟ್ಟು ಕಲಿಯುವ ಉಚ್ಚಾರಣೆ ನಮಗೆ ಹುಟ್ಟಿನಿಂದಲೇ ಬಂದಿತ್ತೆಂದು ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ಈ ಸಂತೋಷದಲ್ಲಿ ಅಕ್ಷರಗಳಿಗೂ ಕೈಹಾಕಿದೆ. ನಮ್ಮ ದೇಶದ ವಿಮಾನಗಳ ಹೆಸರೆಲ್ಲ ವಿ, ಟಿ ಎಂದೇ ಶುರುವಾಗುತ್ತವಂತೆ. ಅಲ್ಲಿ ವಿ ಎಂದರೆ ವಿಕ್ಟರ್, ಟಿ ಎಂದರೆ ಟ್ಯಾಂಗೊ ಎನ್ನಬೇಕು. ನಾವು ಗ್ಯಾಸ್ ಬುಕ್ ಮಾಡುವಾಗ ವಿ ಫಾರ್ ವಿಜಯನಗರ, ಟಿ ಫಾರ್ ತುಮಕೂರು ಎಂದು ಹೇಳಿಕೊಂಡು ಬದುಕಿದವರು. ಅಭ್ಯಾಸ ಬಲ. ಚೈತ್ರಾಳಿಂದ ಪಾಠ ಒಪ್ಪಿಸಿಕೊಳ್ಳುವಾಗ ನಾನು ವಿಜಯನಗರ ತುಮಕೂರು ಎಂದೆ. ಅವಳೂ ಆ ಗಡಿಬಿಡಿಯಲ್ಲಿ ‘ವಿಜಯನಗರ ತುಮಕೂರು, ರೆಡಿ ಫಾರ್ ಡಿಪಾರ್ಚರ್’ ಎಂದುಬಿಟ್ಟಳು. ವಿಮಾನ ಹೋಗಿ ಸರ್ಕಾರಿ ಬಸ್ಸಾಯಿತು. ಅವತ್ತಿನಿಂದ ನಾನು ಬರಿಯ ಮೌಸ್ ಒತ್ತತಕ್ಕದ್ದು, ಬಾಯಿ ಬಿಡತಕ್ಕದ್ದಲ್ಲ ಎಂದು ತೀರ್ಮಾನವಾಯಿತು.

ಎಲ್ಲ ಪಾಠಗಳಿಗೂ ಹಸಿರು ಗುರುತು ಬಿತ್ತು, ಒಂದನ್ನು ಬಿಟ್ಟು. ಅವಳು ಪರೀಕ್ಷೆಯಲ್ಲಿ ಫೇಲಾದದ್ದೂ ಅದರಲ್ಲೇ ಎಂಬುದು ನನಗೆ ಆಗ ತಿಳಿದದ್ದು. ಆ ಪಾಠದಲ್ಲಿ ಟವರು ಬೇಕೆಂದೇ ಆಗದ ಕೆಲಸ ಹೇಳುತ್ತದೆ. ‘ನಿನ್ನ ಹಿಂದೆ ದೊಡ್ಡ ವಿಮಾನ ಬರುತ್ತಿದೆ, ನೀನೂ ಅಷ್ಟೇ ವೇಗದಲ್ಲಿ ಇಳಿದು ಬಾ’ ಎನ್ನುತ್ತದೆ. ಇವಳ ವಿಮಾನಕ್ಕೆ ಅಷ್ಟು ವೇಗವೇ ಇಲ್ಲ. ನನ್ನ ಸ್ಕೂಟರಿಗೆ ಮೈಸೂರು ಹೆದ್ದಾರಿಯ ಕಾರುಗಳ ಜೊತೆ ಓಡು ಎಂದ ಹಾಗೆ. ಅಂಥ ಹೊತ್ತಿನಲ್ಲಿ ಪೈಲಟ್ಟು ಹೇಳಬೇಕಾದ ಪದ ಒಂದೇ, ‘ಅನೇಬಲ್’. ಆಗುವುದಿಲ್ಲ ಎಂದರ್ಥ. ಜೊತೆಗೆ ಯಾಕೆ ಆಗುವುದಿಲ್ಲ ಎಂಬುದು, ಅಷ್ಟೇ. ಕ್ಷಮೆ ಕೇಳಬೇಕಾಗಿಲ್ಲ, ಸಂಕೋಚ ಪಡಬೇಕಾಗಿಲ್ಲ, ಸಾರ್ ಎನ್ನುವುದೂ ಬೇಡ. ಹಾಗೆಂದರೆ ಟವರಿನವರಿಗೆ ಕೋಪವೂ ಬರುವುದಿಲ್ಲವಂತೆ, ಬೇರೆ ದಾರಿ ಹುಡುಕುತ್ತಾರಂತೆ. ಇಂಥ ಒಂದು ಪದ ಭೂಮಿಯ ಮೇಲಿದೆ ಎಂಬುದೇ ನನಗೆ ಆಶ್ಚರ್ಯ. ಪರೀಕ್ಷೆಯಲ್ಲಿ ಟವರಿನ ಪಾತ್ರ ಮಾಡುತ್ತಿದ್ದ ಹಿರಿಯ ಅಧಿಕಾರಿ ಇದೇ ಆಜ್ಞೆ ಕೊಟ್ಟಾಗ ನನ್ನ ಮಗಳು, ‘ರಾಜರ್ ಸಾರ್, ವಿಲ್ ಟ್ರೈ ಸಾರ್’ ಎಂದಿದ್ದಳು.

‘ಅವ್ರು ಪೆನ್ ಕೆಳಗಿಟ್ರು ಅಪ್ಪ’ ಎಂದಳು ಚೈತ್ರಾ. ‘ಹೇಳಿದ್ದಕ್ಕೆಲ್ಲಾ ಹೂಂ ಅನ್ನೋದನ್ನ ನಿಂಗೆ ಯಾರಮ್ಮ ಕಲ್ಸಿದ್ದು, ಮೇಲೆ ಹೋಗಿ ಹಿಂಗೇ ಹೂಂ ಅಂದ್ರೆ ಕೆಳಗೆ ಹೆಂಗೆ ಬರ್ತೀಯ ಅಂದ್ರು.’

‘ನೀನೇನಂದೆ?’

‘ಏನೂ ಅನ್ನಲಿಲ್ಲ.’

ಅವಳು ನನ್ನ ಹೆಸರು ಹೇಳಲಿಲ್ಲ, ಅದು ಅವಳ ದೊಡ್ಡತನ. ಕಾಲೇಜಿನ ಮೇಜಿನ ಹಿಂದೆ ಕೂತು ‘ನೋಡೋಣ’ ಎಂದರೆ ಹೆಚ್ಚೆಂದರೆ ಯಾರೋ ಇನ್ನೊಮ್ಮೆ ಬಂದು ಹೋಗುತ್ತಾರೆ. ಆಕಾಶದಲ್ಲಿ ಒಬ್ಬಳೇ ಕೂತ ಹುಡುಗಿ, ದೊಡ್ಡವರ ಮಾತಿಗೆ ಎದುರಾಡಬಾರದೆಂದು ಆಗದ ಕೆಲಸಕ್ಕೆ ಕೈಹಾಕಿದರೆ? ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳು ಪಾಸಾಗುವುದು ಬಿಡುವುದು ಆಮೇಲಿನ ಮಾತು, ಈ ಒಂದು ಪದ ಅವಳ ಬಾಯಲ್ಲಿ ಹೊರಳಲೇಬೇಕು ಎನಿಸಿತು. ಹೂಂ ಎನ್ನುವುದು ಮನೆಯಲ್ಲಿ ಕಲಿತ ವಿದ್ಯೆ ಎಂದಮೇಲೆ, ಆಗುವುದಿಲ್ಲ ಎನ್ನುವುದನ್ನೂ ಮನೆಯಲ್ಲೇ ಕಲಿಸೋಣ ಎಂದು ನಾನೇ ಟವರಾಗಲು ನಿಂತೆ.

ಆಗದ ಕೆಲಸ ಹೇಳುವುದೂ ಒಂದು ಕಲೆ, ಎಲ್ಲರಿಗೂ ಬರುವುದಿಲ್ಲ. ‘ಚೈತ್ರಾ, ಐದು ನಿಮಿಷದಲ್ಲಿ ಇಡೀ ಮನೆ ಒರೆಸು’ ಎಂದೆ. ಅವಳು ಬಾಯಿ ತೆರೆಯುವ ಮೊದಲೇ ನಾನು ‘ಆದ್ರೆ ಒರೆಸಮ್ಮ, ಇಲ್ದಿದ್ರೆ ಬೇಡ’ ಎಂದು ಸೇರಿಸಿದೆ. ಅವಳು ‘ಆಯ್ತಪ್ಪ’ ಎಂದಳು. ಟವರಿಗೆ ಬೇಕಾದ ಗಡಸು ನನ್ನಲ್ಲಿಲ್ಲವೆಂದು ಅಧಿಕಾರವನ್ನು ವಿಮಲಾಳಿಗೆ ವಹಿಸಿದೆ. ಅವಳಿಗೆ ಯಾವ ತಯಾರಿಯೂ ಬೇಕಾಗಲಿಲ್ಲ. ‘ಬೇಳೆಗೆ ವಗ್ಗರಣೆ ಹಾಕು, ಬಟ್ಟೆ ಮಡಚು, ಮೋಟರ್ ಆಫ್ ಮಾಡು, ಅಷ್ಟರಲ್ಲಿ ಅಂಗಡಿಗೋಗಿ ಕೊತ್ತಂಬರಿ ತಗೊಂಬಾ’ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಚೈತ್ರಾ ‘ಅನೇ...’ ಎಂದು ಶುರು ಮಾಡಿದಳು. ‘ಏನು?’ ಎಂದು ವಿಮಲಾ ತಿರುಗಿ ನೋಡಿದಳು. ‘ಏನಿಲ್ಲಮ್ಮ’ ಎಂದು ಚೈತ್ರಾ ಚೀಲ ಹಿಡಿದು ಕೊತ್ತಂಬರಿಗೆ ಹೊರಟಳು. ಆ ಸಂಜೆಯೂ ಕಂಪ್ಯೂಟರಿನಲ್ಲಿ ಕೆಂಪು ಗುರುತೇ ಬಿತ್ತು. ಪರೀಕ್ಷೆ ಗುರುವಾರ ಬೆಳಿಗ್ಗೆ, ನಮಗಿದ್ದದ್ದು ಒಂದೇ ವಾರ.

ಬಟನ್ ಒತ್ತಿಕೊಂಡೇ ಮಾತಾಡುವ ನೆಂಟರು ಎಂದೆನಲ್ಲ, ಅವರು ವಿಮಲಾಳ ಅಣ್ಣ ನಂಜುಂಡಪ್ಪನವರು. ಉಲ್ಲಾಳದಲ್ಲಿ ಹಿಂದೆ ಹೊಲವಿದ್ದ ಕಡೆ ಈಗ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ರೇಡಿಯೊದ ಪ್ರಕಾರ ಇದು ಬಹಳ ಅಪಾಯ, ಎರಡು ವಿಮಾನಕ್ಕೆ ಒಂದೇ ಹೆಸರಿರಬಾರದಂತೆ. ಮನುಷ್ಯ ಬಂಗಾರ. ಕೈಯಲ್ಲಿ ಬಿಡುವು ಬಹಳ ಇರುವುದರಿಂದ ಗಂಡು ಹೆಣ್ಣು ಕೂಡಿಸುವ ಕೆಲಸ ಹಚ್ಚಿಕೊಂಡಿದ್ದಾರೆ. ನಾನು ಒಂದು ಸಂಜೆ ಬಲಗೈಯಲ್ಲಿ ಮೌಸ್ ಒತ್ತಿಕೊಂಡಿರುವಾಗ ಅವರ ಫೋನು ಬಂತು. ಎಡಗೈಯಲ್ಲಿ ಹಿಡಿದುಕೊಂಡೆ.

‘ಭಾವ, ನಮ್ ಚೈತ್ರಂಗೆ ಒಂದೊಳ್ಳೆ ಸಂಬಂಧ ಬಂದದೆ. ಮಹಾಲಕ್ಷ್ಮಿ ಲೇಔಟ್‌ನೋರು, ಜನ ಒಳ್ಳೇರು. ಹುಡುಗಂಗೆ ಗುರುವಾರ ರಜ. ರಾಹುಕಾಲಕ್ಕೆ ಮುಂಚೆ ಬಂದೋಗ್ತೀವಿ ಅಂತಾವ್ರೆ. ಏನಂತೀರಾ?’

ಮೊದಲು ಮಗಳನ್ನು ಕೇಳಬೇಕು, ಅವಳಿಗೆ ಅವತ್ತು ಪರೀಕ್ಷೆ, ಈಗ ಮದುವೆಯ ಮಾತೇ ಬೇಡ ಎಂಬ ಎಲ್ಲ ಮಾತುಗಳನ್ನೂ ಒಟ್ಟುಗೂಡಿಸಿ, ಅವುಗಳ ಸಾರವೆಲ್ಲ ಇರುವ ಹಾಗೆ ನಾನು ‘ನೋಡೋಣ ಭಾವ’ ಎಂದೆ.

‘ಅಷ್ಟ್ ಅಂದ್ರಲ್ಲ, ಸಾಕು’ ಎಂದು ಅವರು ಫೋನಿಟ್ಟರು. ಎಷ್ಟು ಬೇಗ ಅರ್ಥ ಮಾಡಿಕೊಂಡರು ಎಂದು ನನಗೆ ಅವರ ಮೇಲೆ ಗೌರವ ಹೆಚ್ಚಿತು.

ಮಂಗಳವಾರ ಸಂಜೆ ನಾನು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ವಿಮಲಾ ಎದುರಿಗೆ ನಿಂತಳು. ‘ಗುರುವಾರ ಚೈತ್ರನ್ನ ನೋಡೋಕೆ ಏಳು ಜನ ಬರ್ತಾರಂತೆ. ಕೇಸರಿಬಾತ್ ಮಾಡು, ಉಪ್ಪಿಟ್ಟು ಬ್ಯಾಡ ಅಂದ ಅಣ್ಣ. ನೀವು ಒಪ್ಕೊಂಡ್ರಂತೆ?’

‘ನಾನೆಲ್ಲಿ ಒಪ್ಕೊಂಡೆ? ನೋಡೋಣ ಅಂದೆ ಅಷ್ಟೇ.’

‘ಹುಡುಗಿ ನೋಡೋಕೆ ಬರ್ಲಾ ಅಂತ ಕೇಳಿದ್ರೆ ನೋಡೋಣ ಅಂದ್ರೆ ಏನ್ರೀ ಅರ್ಥ?’

‘ನೋಡೋಣ ಅಂದ್ರೆ ನೋಡೋದು ಬೇಡ ಅಂತ ಕಣೇ!’

ಹೇಳಿದ ಮೇಲೆ ನನಗೇ ಅದರ ಚಂದ ತಿಳಿಯಿತು. ಮೂವತ್ತು ವರ್ಷ ನನ್ನನ್ನು ಕಾಪಾಡಿದ ಪದ, ಅದು ಕೈಕೊಡಬಹುದಾದ ಒಂದೇ ಒಂದು ಜಾಗದಲ್ಲಿ ನಿಖರವಾಗಿ ಕೈಕೊಟ್ಟಿತ್ತು. ಕೋಣೆಯಲ್ಲಿ ಚೈತ್ರಾ ಹೆಡ್‌ಫೋನು ಕುತ್ತಿಗೆಗೆ ಇಳಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ‘ನಾನು ಈಗಲೇ ಫೋನ್ ಮಾಡಿ ಆಗಲ್ಲ ಅಂತ ಹೇಳ್ತೀನಿ’ ಎಂದು ನಾನು ಘೋಷಿಸಿದೆ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಫೋನು ಮಾಡಿದೆ. ಸ್ಪೀಕರಿಗೆ ಹಾಕಿ ಎಂದಳು ವಿಮಲಾ, ನನ್ನ ಮೇಲಿನ ನಂಬಿಕೆಯಿಂದ. ಮೊದಲು ಭಾವನವರ ಮಂಡಿನೋವು ವಿಚಾರಿಸಿದೆ. ಆಮೇಲೆ ಬೋರ್‌ವೆಲ್ಲು. ಆಮೇಲೆ ಉಲ್ಲಾಳದ ರಸ್ತೆ ಅಗೆದದ್ದು ಮುಚ್ಚಿದರೋ ಇಲ್ಲವೋ ಎಂಬುದು. ಇನ್ನು ಕೇಳಲು ಏನೂ ಉಳಿಯದಾದಾಗ, ‘ಭಾವ, ಗುರುವಾರ ಸ್ವಲ್ಪ...’ ಎಂದೆ. ‘ಸ್ವಲ್ಪ ಜನ ಜಾಸ್ತಿ ಆಯ್ತದಾ? ಏಳೇ ಜನ ಭಾವ, ನಂದೇ ಕಾರು’ ಎಂದರು ಅವರು. ‘ಅದಲ್ಲ, ಚೈತ್ರಾಗೆ ಅವತ್ತು...’ ಎಂದೆ. ‘ಚೈತ್ರಂಗೆ ಸೀರೆ ಉಡಿಸ್ಬ್ಯಾಡಿ, ಚೂಡಿದಾರೇ ಸಾಕು, ಅವ್ರು ಮಾಡ್ರನ್ ಜನ’ ಎಂದರು. ನಾನು ಬಾಯಿ ತೆರೆದಾಗಲೆಲ್ಲ ಅವರ ಬಟನ್ನು ಒತ್ತಿಕೊಂಡೇ ಇತ್ತು. ಎರಡು ನಿಮಿಷದ ಬಳಿಕ, ಬಂದವರನ್ನು ಊಟಕ್ಕೂ ನಿಲ್ಲಿಸಿಕೊಳ್ಳುವುದಾಗಿ ನಾನೇ ಹೇಳುತ್ತಿರುವುದು ನನ್ನ ಕಿವಿಗೆ ಬಿತ್ತು. ವಿಮಲಾ ಹಣೆ ಚಚ್ಚಿಕೊಂಡಳು.

‘ಅಪ್ಪ, ಫೋನ್ ಕೊಡಿ’ ಎಂದಳು ಚೈತ್ರಾ.

ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಮ್ಮೆ ಉಸಿರು ಎಳೆದುಕೊಂಡು, ‘ನಂಜುಂಡ ಮಾಮ, ಚೈತ್ರಾ ಮಾತಾಡ್ತಿರೋದು. ಗುರುವಾರ ಆಗಲ್ಲ. ಬೆಳಿಗ್ಗೆ ನಂಗೆ ಪರೀಕ್ಷೆ ಇದೆ’ ಎಂದಳು.

ಅಷ್ಟೇ. ಸಾರಿ ಇಲ್ಲ, ಬೇಜಾರ್ ಮಾಡ್ಕೋಬೇಡಿ ಇಲ್ಲ, ಆದರೂ ಪ್ರಯತ್ನ ಪಡ್ತೀನಿ ಎಂಬುದಿಲ್ಲ. ಆ ಕಡೆ ಸದ್ದಿಲ್ಲ. ಭಾವನವರ ಬಟನ್ನು ಬಿಟ್ಟುಹೋದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮ ಮನೆತನದಲ್ಲಿ ಇಂಥ ಮೌನವನ್ನು ಯಾರಾದರೂ ತಕ್ಷಣ ತುಂಬಬೇಕು. ನಾನು ತುಂಬಲು ಹೊರಟೆ. ವಿಮಲಾ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಚೈತ್ರಾ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು. ‘ಮಾಮ, ನಾನ್ ಹೇಳಿದ್ದೇನು ಅಂತ ಒಂದ್ಸಲ ಹೇಳಿ’ ಎಂದಳು. ರೇಡಿಯೊದಲ್ಲಿ ಇದು ಪದ್ಧತಿ. ಕೇಳಿಸಿಕೊಂಡವರು ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು, ಇಲ್ಲದಿದ್ದರೆ ಮಾತು ಮುಟ್ಟಿದ ಲೆಕ್ಕವಲ್ಲ.

‘ಗುರುವಾರ ಆಗಾಕಿಲ್ಲ’ ಎಂದರು ನಂಜುಂಡಪ್ಪನವರು, ಮಗ್ಗಿ ಒಪ್ಪಿಸುವವರ ಹಾಗೆ. ‘ನಿಂಗೆ ಪರೀಕ್ಷೆ ಐತೆ.’

‘ಹೌದು ಮಾಮ.’

‘ಅಲ್ಲ ಕಣವ್ವ, ಪರೀಕ್ಷೆ ಇದ್ರೆ ಮೊದ್ಲು ಓದ್ಕೊ. ಸಂಬಂಧ ಎಲ್ಲಿಗೋಗ್ತದೆ? ನಿಮ್ಮಪ್ಪಂಗೆ ಕೊಡು’ ಎಂದರು. ನನಗೆ ಹೇಳಿದರು: ‘ಏನ್ ಭಾವ ನೀವು! ಪರೀಕ್ಷೆ ಅಂತ ಒಂದ್ ಮಾತ್ ಅಂದಿದ್ರೆ ಆಯ್ತಿರ್ಲಿಲ್ವಾ? ನೀವು ನೋಡೋಣ ಅಂದ್ರಿ, ನಾನು ತೋರ್ಸೋಣ ಅಂದ್ಕಂಡೆ. ಅವ್ರಿಗೆ ನಾನ್ ಹೇಳ್ಕೊತೀನಿ ಬಿಡಿ.’

ಯಾರೂ ಸಿಟ್ಟಾಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ. ನಾನು ಇಷ್ಟು ವರ್ಷ ಹೆದರಿದ್ದು ಈ ಅರ್ಧ ನಿಮಿಷಕ್ಕೋ ಎಂದು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಒಂದು ಧೈರ್ಯ ಬಂತು. ಇವಳು ಹೋದವಳು ತಿರುಗಿ ಇಳಿದು ಬರುತ್ತಾಳೆ ಎಂಬ ಧೈರ್ಯ ಅದು. ಚೈತ್ರಾ ಏನೂ ಆಗದವಳ ಹಾಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು, ‘ಅಪ್ಪ, ಮೌಸು’ ಎಂದಳು. ಟವರು ಎಂದಿನಂತೆ ಆಗದ ಕೆಲಸ ಹೇಳಿತು. ನಾನು ಒತ್ತಿದೆ. ‘ಅನೇಬಲ್’ ಎಂದಳು, ಕಾರಣ ಹೇಳಿದಳು. ನಾನು ಬಿಟ್ಟೆ. ಹಸಿರು ಗುರುತು ಬಿತ್ತು. ನನ್ನ ಕಣ್ಣು ಮಂಜಾಗಿತ್ತು, ಕಂಪ್ಯೂಟರಿನ ಬೆಳಕು ಹೆಚ್ಚಾಯಿತು ಎಂದೆ.

ಗುರುವಾರದ ಪರೀಕ್ಷೆಯಲ್ಲಿ ಕೂತಿದ್ದವರು ಬೇರೆ ಅಧಿಕಾರಿಯಂತೆ. ಆಗದ ಆಜ್ಞೆಯನ್ನು ಒಮ್ಮೆ ಕೊಟ್ಟರಂತೆ. ಇವಳು ಅನೇಬಲ್ ಎಂದಳು. ದನಿ ಏರಿಸಿ ಇನ್ನೊಮ್ಮೆ ಕೊಟ್ಟರಂತೆ. ಇವಳು ಮತ್ತೆ ಅನೇಬಲ್ ಎಂದಳು. ‘ಆಮೇಲೆ ನಕ್ರು ಅಪ್ಪ’ ಎಂದಳು. ಫಲಿತಾಂಶ ಬರುವವರೆಗೆ ನಾವು ಮೂವರೂ ಅದರ ವಿಷಯ ಎತ್ತದೆ ಓಡಾಡಿಕೊಂಡಿದ್ದೆವು. ಪಾಸಾಗಿದ್ದಳು. ನಂಜುಂಡಪ್ಪನವರು ಉಲ್ಲಾಳದಿಂದ ಒಂದು ಡಬ್ಬ ಜಾಮೂನು ಹೊತ್ತುಕೊಂಡು ಬಂದರು. ಕಂಪ್ಯೂಟರು ತಾನು ಮೊಬೈಲೆಂಬ ಭ್ರಮೆಯಿಂದ ಬಿಡುಗಡೆ ಹೊಂದಿತು. ನಾನೂ ನನ್ನ ಸಂಜೆಗಳಿಗೆ ಮರಳಿದೆ ಎಂದುಕೊಂಡೆ.

ಕಳೆದ ಭಾನುವಾರ ಕಾಫಿ ಕುಡಿಯುತ್ತ ಚೈತ್ರಾ, ‘ಅಪ್ಪ, ಲೈಸೆನ್ಸ್ ಬಂದ್ಮೇಲೆ ನನ್ನ ಪಕ್ಕದಲ್ಲಿ ಮೊದ್ಲು ಕೂರೋರು ನೀವೇ. ಬರ್ತೀರಾ?’ ಎಂದು ಕೇಳಿದಳು. ನಿಮಗೊಂದು ಗುಟ್ಟು ಹೇಳುತ್ತೇನೆ. ನಾನು ಮೆಟ್ರೋದಲ್ಲಿ ಹೋಗುವಾಗಲೂ ಕಿಟಕಿಗೆ ಬೆನ್ನು ಹಾಕಿ ನಿಲ್ಲುವವನು. ಕೆಳಗಿನ ರಸ್ತೆ ಕಂಡರೆ ನನಗೆ ತಲೆ ಸುತ್ತುತ್ತದೆ. ಇದಕ್ಕಿಂತ ಸುಲಭವಾದ ಪರೀಕ್ಷೆ ಯಾರಿಗಿರುತ್ತದೆ? ಪದ ಗೊತ್ತು, ಕಾರಣ ಗೊತ್ತು, ಹೇಳುವ ಕ್ರಮವನ್ನು ವಾರಗಟ್ಟಲೆ ಮೌಸ್ ಒತ್ತಿ ಕಲಿತಿದ್ದೇನೆ. ನೋಡೋಣ ಎನ್ನಬಾರದೆಂದು ಹಲ್ಲು ಕಚ್ಚಿಕೊಂಡೆ. ‘ಆ...’ ಎಂದು ಶುರುಮಾಡಿದೆ. ಅವಳು ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮುಖ ನೋಡಿಕೊಂಡು ಮುಂದಿನ ಅಕ್ಷರಗಳು ಹೊರಡಲಿಲ್ಲ. ನೋಡೋಣ ಎಂದೂ ಅನ್ನಲಿಲ್ಲ, ಆಗಲ್ಲ ಎಂದೂ ಅನ್ನಲಿಲ್ಲ. ಎದ್ದು, ತರಕಾರಿಯ ಚೀಲ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿಯುತ್ತ, ಮನೆಯಿಂದ ಹೊರಡುವ ಯಾವ ಮನುಷ್ಯನಾದರೂ ಹೇಳುವ ಮಾತನ್ನು ಹೇಳಿದೆ.

ಗೇಟು ದಾಟಿ ರಸ್ತೆಗೆ ಕಾಲಿಟ್ಟಿದ್ದೆ, ಮೇಲಿನಿಂದ ಕೂಗು ಬಂತು. ಚೈತ್ರಾ ಬಾಲ್ಕನಿಯಲ್ಲಿ ಅರ್ಧ ಬಗ್ಗಿ ನಿಂತಿದ್ದಳು, ಮುಖವೆಲ್ಲ ನಗು. ‘ಅಪ್ಪಾ, ಏನಂದ್ರಿ? ಇನ್ನೊಂದ್ಸಲ ಹೇಳಿ!’

ಕೆಳಗಿನ ಮನೆಯವರು ಆಚೆ ಬಂದು ನೋಡಿದರು. ಎದುರುಮನೆಯವರು ರಂಗೋಲಿಯಿಂದ ತಲೆ ಎತ್ತಿದರು. ನಾನು ಕೈಯಲ್ಲಿ ಚೀಲ ಹಿಡಿದು ನಡುರಸ್ತೆಯಲ್ಲಿ ನಿಂತು, ತಿರುಗಿ ಹೇಳಲು ಬೇರೆ ಯಾವ ಮಾತೂ ಇಲ್ಲದೆ, ‘ಬರ್ತೀನಮ್ಮಾ’ ಎಂದೆ.

‘ಕರೆಕ್ಟ್!’ ಎಂದಳು.